ಎಸಿ ಗಾಳಿಯ ಕೆಟ್ಟ ವಾಸನೆ: ‘ಮುಗ್ಗಲು’ ಎಂದರೆ ಎಲ್ಲರಿಗೂ ತಿಳಿಯುವುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರಿನ ಎಸಿ ಹಾಕಿದ ಕೂಡಲೇ ಎದುರಿನ ಜಾಲಿಗಳಿಂದ (ಗಾಳಿ ಬರುವ ಕಿಂಡಿಗಳಿಂದ) ಬರುವ, ತೇವ ಹಿಡಿದು ಕೆಟ್ಟ ಆ ವಾಸನೆಗೆ ಕನ್ನಡದಲ್ಲಿ ಯಾವ ಪದ ಸರಿ? ನಾನು ಆರಿಸಿಕೊಂಡಿರುವುದು ‘ಮುಗ್ಗಲು ವಾಸನೆ’. ಕಲಬುರಗಿ, ಬೀದರ್, ಯಾದಗಿರಿ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು, ಮಂಗಳೂರು, ಶಿವಮೊಗ್ಗದ ಓದುಗರಿಗೂ ಅದು ತಟ್ಟನೆ ಹೊಳೆಯುತ್ತದೆಯೇ ಎಂಬುದನ್ನು ನಿಮ್ಮಿಂದ ತಿಳಿಯಬೇಕಾಗಿದೆ.

ಕಲಬುರಗಿಯ ಬಾಡಿಗೆ ಕಾರು ಚಾಲಕರಿಗಾಗಿ ವಾಹನದ ಆರೈಕೆ ಕುರಿತು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಾದರಿಗೆಂದು ಕನ್ನಡದಲ್ಲಿ ಈಗಾಗಲೇ ಬಂದಿರುವ ಬರಹಗಳನ್ನು ತಿರುವಿ ಹಾಕಿದರೆ ಎಲ್ಲದಕ್ಕೂ ಒಂದೇ ಪದ: ದುರ್ವಾಸನೆ. ಬೂಷ್ಟು ಹಿಡಿದರೂ ದುರ್ವಾಸನೆ, ವೈರು ಕರಗಿದರೂ ದುರ್ವಾಸನೆ, ಇಲಿ ಸತ್ತರೂ ದುರ್ವಾಸನೆ. ಈ ಪದ ವಾಸನೆ ಕೆಟ್ಟದ್ದು ಎಂದಷ್ಟೇ ತೀರ್ಪು ಕೊಡುತ್ತದೆ, ಅದು ಎಂಥದ್ದು ಎಂದು ಹೇಳುವುದಿಲ್ಲ. ಕೆಟ್ಟದ್ದು ಎಂದಷ್ಟೇ ಕೇಳಿದ ಚಾಲಕ ಮಾಡುವುದೂ ಒಂದೇ: ಸುಗಂಧದ ಡಬ್ಬಿ ತಂದು ಜಾಲಿಗೆ ಸಿಕ್ಕಿಸುತ್ತಾನೆ. ಬಂದೇ ನವಾಜ್ ದರ್ಗಾದ ಸುತ್ತ ಒಳ್ಳೆಯ ಅತ್ತರು ಸಿಗುವ ಊರು ನಮ್ಮದು, ಅದನ್ನೇ ಹತ್ತಿಯಲ್ಲಿ ಅದ್ದಿ ಇಡುವವರೂ ಇದ್ದಾರೆ. ಕೆಲವರು ಲೋಬಾನ ಹಾಕುತ್ತಾರೆ. ಆದರೆ ವಾಹನದಲ್ಲಿ ವಾಸನೆಯೆಂದರೆ ಕೆಟ್ಟುಹೋದ ಭಾಗ ಕೊಡುವ ಮೊದಲ ಸುದ್ದಿ. ಅದನ್ನು ಅತ್ತರಿನಿಂದ ಮುಚ್ಚಿದರೆ ಸುದ್ದಿ ಮುಚ್ಚುತ್ತದೆ, ಕೆಡುಕು ಒಳಗೇ ಬೆಳೆಯುತ್ತದೆ. ಅದಕ್ಕಾಗಿಯೇ ನನಗೆ ಬಗೆಬಗೆಯ ವಾಸನೆಗೆ ಬಗೆಬಗೆಯ ಹೆಸರು ಬೇಕು, ಮತ್ತು ಕನ್ನಡದಲ್ಲಿ ಅವು ಧಾರಾಳವಾಗಿ ಇವೆ ಎಂಬುದು ನನ್ನ ನಂಬಿಕೆ.

ಪದ ಹೊಂದುತ್ತದೆಯೋ ಇಲ್ಲವೋ ನೋಡಬೇಕಾದರೆ ವಾಸನೆ ಹುಟ್ಟುವ ಬಗೆ ತಿಳಿದಿರಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ತಂಪುಸುರುಳಿ ಇರುತ್ತದೆ. ಗ್ಯಾರೇಜಿನವರು ಅದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಎಸಿ ನಡೆಯುವಾಗ ಅದು ನೀರು ಹೆಪ್ಪುಗಟ್ಟುವ ಮಟ್ಟದ ಸಮೀಪಕ್ಕೆ ತಣ್ಣಗಾಗಿರುತ್ತದೆ. ಫ್ಯಾನು ತಳ್ಳಿದ ಬಿಸಿ ಗಾಳಿ ಅದನ್ನು ಸೋಕಿದಾಗ, ತಣ್ಣೀರು ತುಂಬಿದ ತಾಮ್ರದ ಚೊಂಬಿನ ಹೊರಮೈ ಬೆವರುವಂತೆ ಸುರುಳಿಯ ಮೈಮೇಲೆ ನೀರು ಕಟ್ಟುತ್ತದೆ. ಆ ನೀರು ಒಂದು ಸಣ್ಣ ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಕಾರು ನಿಲ್ಲಿಸಿದ ಮೇಲೂ ಸುರುಳಿಯ ತೆಳು ತಗಡುಗಳ ಸಂದಿನಲ್ಲಿ ಒದ್ದೆ ಉಳಿಯುತ್ತದೆ. ಅಲ್ಲಿ ಧೂಳು ಕೂತಿರುತ್ತದೆ, ಕತ್ತಲೆ ಇರುತ್ತದೆ, ಗಾಳಿಯಾಟ ಇರುವುದಿಲ್ಲ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇದಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ. ಮರುದಿನ ಗುಂಡಿ ಒತ್ತಿದಾಗ ಮೊದಲ ಬೀಸಿನಲ್ಲೇ ಅದು ಮೂಗಿಗೆ ಅಡರುತ್ತದೆ.

ನಮ್ಮ ಕಡೆ ಮೇ ತಿಂಗಳಲ್ಲಿ ಉಷ್ಣತೆ 42–43 ಡಿಗ್ರಿ ಮುಟ್ಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಆಗ ಸುರುಳಿ ಬೆವರುವುದು ಕಡಿಮೆ, ಧೂಳು ಕೂರುವುದು ಹೆಚ್ಚು. ಎರೆಮಣ್ಣಿನ ಹುಡಿ, ಬೇಳೆ ಮಿಲ್ಲುಗಳ ಹೊಟ್ಟು, ಸೇಡಂ–ವಾಡಿ ಕಡೆ ಓಡಾಡುವವರಿಗೆ ಸಿಮೆಂಟಿನ ಧೂಳು, ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತವೆ. ಜೂನ್ ಮೊದಲ ವಾರ ದಾಟಿ ಮೃಗಶಿರಾ ಮಳೆ ಹಿಡಿದು ಗಾಳಿಯಲ್ಲಿ ತೇವ ಏರಿದಾಗ ಬೇಸಿಗೆಯ ಧೂಳೆಲ್ಲ ಒಮ್ಮೆಗೇ ನೆನೆಯುತ್ತದೆ. ಗ್ಯಾರೇಜಿಗೆ ಈ ದೂರು ಹೊತ್ತು ಬರುವವರು ಮಳೆಗಾಲದಲ್ಲಿ ಹೆಚ್ಚಲು ಇದೇ ಕಾರಣ.

ಇನ್ನು ಪದಕ್ಕೆ ಬರುತ್ತೇನೆ. ‘ಮುಗ್ಗು’ ಎಂದರೆ ತೇವ ತಾಗಿ, ಗಾಳಿಯಾಡದೆ, ಬೂಷ್ಟು ಹಿಡಿದು ಕೆಡುವುದು. ನಮ್ಮ ಭಾಗದಲ್ಲಿ ಇದರ ನೆಲೆ ಹಗೇವು. ಹಗೇವು ಎಂದರೆ ಜೋಳ ಕೂಡಿಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. ಅದನ್ನು ಕಾಣದ ಊರಿನವರಿಗಾಗಿ ಇಷ್ಟು ಹೇಳುತ್ತೇನೆ: ಒಳಗೆ ಸುತ್ತಲೂ ಹುಲ್ಲು ಅಥವಾ ಕಣಕಿ (ಜೋಳದ ಒಣ ದಂಟು) ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಯಾರೂ ಥಟ್ಟನೆ ಇಳಿಯುತ್ತಿರಲಿಲ್ಲ. ಒಳಗಿನ ಉಸಿರುಗಟ್ಟಿಸುವ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾಯುತ್ತಿದ್ದರು, ದೀಪ ಇಳಿಸಿ ನೋಡುವ ರೂಢಿಯೂ ಇತ್ತು. ನಡುವಿನ ಜೋಳ ಚೆನ್ನಾಗಿಯೇ ಇರುತ್ತಿತ್ತು. ಗೋಡೆಗೂ ತಳಕ್ಕೂ ತಾಗಿದ ಜೋಳ ನೆಲದ ತೇವ ಹೀರಿ, ಬಣ್ಣಗೆಟ್ಟು, ಗಂಟುಗಂಟಾಗಿ ಹತ್ತಿಕೊಂಡಿರುತ್ತಿತ್ತು. ಅದು ಮುಗ್ಗಲು ಜೋಳ. ಬಿಸಿಲಿಗೆ ಹರವಿ ಒಣಗಿಸಿದರೂ ರೊಟ್ಟಿಯಲ್ಲಿ ಆ ವಾಸನೆ ಉಳಿಯುತ್ತಿತ್ತು, ಪೇಟೆಯಲ್ಲಿ ಬೆಲೆಯೂ ಇಳಿಯುತ್ತಿತ್ತು. ತೇವ, ಕತ್ತಲೆ, ಕಟ್ಟಿದ ಗಾಳಿ, ಬೂಷ್ಟು: ಹಗೇವಿನ ಗೋಡೆಯಲ್ಲಿ ನಡೆಯುವುದೂ ತಂಪುಸುರುಳಿಯ ಸಂದಿನಲ್ಲಿ ನಡೆಯುವುದೂ ಮೂಲದಲ್ಲಿ ಒಂದೇ ಕ್ರಿಯೆ. ಇಷ್ಟು ಕರಾರುವಾಕ್ಕಾದ ಪದ ಕೈಯಲ್ಲಿರುವಾಗ ಬೇರೆ ಪದ ಕಟ್ಟಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಗಡಿಯ ಭಾಷೆಗಳಲ್ಲೂ ಇದಕ್ಕೆ ಪ್ರತ್ಯೇಕ ಪದಗಳಿವೆ. ಗುರುಮಠಕಲ್, ಸೇಡಂ ಕಡೆಯ ತೆಲುಗರು ಹಳೆಯ ಅಕ್ಕಿಗೆ ‘ಮುಕ್ಕ ವಾಸನ’ ಎನ್ನುತ್ತಾರೆ, ನಮ್ಮ ಮುಗ್ಗಿಗೆ ಅದು ಒಡಹುಟ್ಟು ಎಂದು ಕಿವಿಗೇ ತಿಳಿಯುತ್ತದೆ. ಆಳಂದದಾಚೆಯ ಮರಾಠಿಯಲ್ಲಿ ‘ಕುಬಟ ವಾಸ’. ಗ್ಯಾರೇಜಿನ ದಖನಿ ಉರ್ದುವಿನಲ್ಲಿ ಮಾತ್ರ ಎಲ್ಲವೂ ‘ಬದಬೂ’, ಅದು ನಮ್ಮ ದುರ್ವಾಸನೆಯಷ್ಟೇ ಮೊಂಡು.

ರೂಪದ ವಿಷಯದಲ್ಲಿ ನನಗೆ ಒಂದು ತೊಡಕಿದೆ. ‘ಮುಗ್ಗು ವಾಸನೆ’, ‘ಮುಗ್ಗಿದ ವಾಸನೆ’, ‘ಮುಗ್ಗಲು ವಾಸನೆ’ ಮೂರೂ ಕೇಳಿಬರುತ್ತವೆ. ಮುಗ್ಗುವುದು ವಸ್ತುವೇ ಹೊರತು ವಾಸನೆಯಲ್ಲ, ಆದ್ದರಿಂದ ‘ಮುಗ್ಗಿದ ವಾಸನೆ’ ನನಗೆ ಸೇರುವುದಿಲ್ಲ. ಹಳಸುವಿಕೆಯಿಂದ ಹಳಸಲು, ಒಣಗುವಿಕೆಯಿಂದ ಒಣಗಲು ಬಂದ ಜಾಡಿನಲ್ಲಿ ಮುಗ್ಗಲು ಸಲೀಸಾಗಿ ಕೂರುತ್ತದೆ. ‘ಹಳಸಲು ವಾಸನೆ’ ಎಂಬ ಬಳಕೆ ಎಲ್ಲೆಡೆ ಇರುವುದರಿಂದ ಈ ಪದ ಗೊತ್ತಿಲ್ಲದವರೂ ಆ ಜಾಡು ಹಿಡಿದು ಅರ್ಥ ಮಾಡಿಕೊಳ್ಳಬಹುದು.

ಬೇರೆ ಸಲಹೆಗಳೂ ಬಂದವು. ‘ಹಸಿ ವಾಸನೆ’ ಎಂದರೆ ಸಾಲದೇ ಎಂದು ಒಬ್ಬರು ಕೇಳಿದರು. ಸಾಲದು. ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಹುರಿಯಿರಿ ಎನ್ನುವಾಗ ಹಸಿ ಎಂದರೆ ಬೇಯದ್ದು, ತೇವದ್ದಲ್ಲ. ‘ಮಣ್ಣಿನ ವಾಸನೆ’ ಎಂದು ಕೆಲವು ಚಾಲಕರೇ ಹೇಳುತ್ತಾರೆ, ಆದರೆ ಕನ್ನಡಿಗರ ಕಿವಿಗೆ ಅದು ಮೊದಲ ಮಳೆಯ ಸಂತೋಷದ ಮಾತು. ‘ಕಮಟು’ ಎಣ್ಣೆ, ಕೊಬ್ಬರಿ, ತುಪ್ಪ ಹಳೆಯದಾದಾಗ ಬರುವುದು, ಅದು ಜಿಡ್ಡಿನ ಕೆಡುಕು. ಜಾಲಿಯಿಂದ ಕಮಟು ಬಂದರೆ ನಾನು ತಂಪುಸುರುಳಿಯನ್ನಲ್ಲ, ಸೀಟಿನಡಿ ಚೆಲ್ಲಿದ ತಿಂಡಿಯ ಎಣ್ಣೆಯನ್ನು ಹುಡುಕಲು ಹೇಳುತ್ತೇನೆ.

ಉಳಿದ ವಾಸನೆಗಳಲ್ಲಿ ಬಹುಪಾಲಿಗೆ ಪದಗಳು ಸಲೀಸಾಗಿ ಸಿಕ್ಕವು. ವೈರಿನ ಹೊದಿಕೆಯೋ ಫ್ಯಾನಿನ ಮೋಟಾರೋ ಸುಡುತ್ತಿದ್ದರೆ ‘ಕಮರು’. ‘ಸೀದ ವಾಸನೆ’ ಪಾತ್ರೆಯ ತಳ ಹಿಡಿದದ್ದಕ್ಕೇ ಇರಲಿ. ಕಮರು ಬಂದರೆ ಎಸಿ ಆರಿಸಿ, ವಾಹನ ನಿಲ್ಲಿಸಿ ಇಳಿಯಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಅತಿಯಾಗಿ ಚಾರ್ಜ್ ಆಗಿ ಕಾದ ಬ್ಯಾಟರಿಯಿಂದಲೂ ಹೊಗೆಕೊಳವೆಯಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ದೋಷದಿಂದಲೂ ಬರುತ್ತದೆ. ಇಲಿಯೋ ಹಲ್ಲಿಯೋ ಸತ್ತಿದ್ದರೆ ‘ನಾತ’, ಅದಕ್ಕೆ ವಿವರಣೆ ಬೇಡ.

ಪದ ಸಿಗದೆ ನಾನು ನಿಜವಾಗಿ ಒದ್ದಾಡುತ್ತಿರುವುದು ಕೂಲಂಟಿನ ವಿಷಯದಲ್ಲಿ. ಎಂಜಿನ್ ತಣಿಸುವ ಈ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಹೀಟರಿನಲ್ಲಿ ಅದು ಸೋರಿದರೆ ಜಾಲಿಗಳಿಂದ ಪಾಕದಂಥ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿನ ಒಳಮೈಗೆ ಅಂಟಂಟಾದ ಪೊರೆ ಹಿಡಿಯುತ್ತದೆ. ಎಂಜಿನ್ ವಿಪರೀತ ಕಾಯುವ ಮುನ್ಸೂಚನೆಯೂ ಅದೇ, ಮತ್ತು ಆ ದ್ರವ ಹೊಟ್ಟೆಗೆ ಹೋದರೆ ವಿಷ. ಆದರೆ ಕನ್ನಡದಲ್ಲಿ ಸಿಹಿಯೊಂದಿಗೆ ಕೂಡುವ ಮಾತೆಲ್ಲ ಹೊಗಳಿಕೆಯದೇ: ಕಮ್ಮನೆ, ಘಮ, ಕಂಪು. ‘ಸಿಹಿ ವಾಸನೆ’ ಎಂದು ಬರೆದರೆ ಓದಿದವನಿಗೆ ಎಚ್ಚರ ಹುಟ್ಟುವುದಿಲ್ಲ. ‘ಕಾಕಂಬಿ ವಾಸನೆ’ ಎನ್ನೋಣವೇ ಎಂದುಕೊಂಡೆ. ಸಕ್ಕರೆ ಕಾರ್ಖಾನೆಯ ಹತ್ತಿರ ಹಾದವರಿಗೆ ಸಿಹಿಯಾಗಿಯೂ ಮೂಗು ಮುಚ್ಚಿಸುವ ಆ ವಾಸನೆ ಚೆನ್ನಾಗಿ ಗೊತ್ತು. ಆದರೆ ಕಾಕಂಬಿಯಲ್ಲಿ ಹುಳಿಯೂ ಬೆರೆತಿದೆ. ಇದಕ್ಕಿಂತ ಹತ್ತಿರದ ಪದ ಹೊಳೆದರೆ ದಯವಿಟ್ಟು ಬರೆಯಿರಿ, ಎಲ್ಲಕ್ಕಿಂತ ಹೆಚ್ಚಾಗಿ ಇದು ನನಗೆ ಬೇಕು.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ‘ಎಸಿ ದುರ್ವಾಸನೆ ಸೂಸುತ್ತಿದೆಯೇ?’ ಎಂಬ ಬಗೆಯ ಜಾಹೀರಾತು ಕಂಡಾಗ ನನಗೆ ಸಂಕಟವಾಗುತ್ತದೆ. ಸೂಸುವುದು, ಬೀರುವುದು ಮಲ್ಲಿಗೆಗೆ ಸಲ್ಲುವ ಮಾತು. ಕೆಟ್ಟದ್ದು ನಾರುತ್ತದೆ, ಅಡರುತ್ತದೆ, ಹೊಡೆಯುತ್ತದೆ. ಬರಿದೇ ‘ವಾಸನೆ ಬರುತ್ತಿದೆ’ ಎಂದರೂ ನಮ್ಮಲ್ಲಿ ಕೆಟ್ಟದ್ದೇ ಎಂದು ಅರ್ಥ, ಒಳ್ಳೆಯದಕ್ಕೆ ‘ಸು’ ಸೇರಿಸಬೇಕು. ತೆಗೆಯುವುದಕ್ಕೆ ‘ನಿವಾರಿಸು’, ‘ಹೋಗಲಾಡಿಸು’ ಎಂಬೆರಡೂ ಸರಿ, ಆದರೆ ಕೈಪಿಡಿಯಲ್ಲಿ ನಾನು ‘ವಾಸನೆ ಬಿಡಿಸುವುದು’ ಎಂದು ಬರೆದಿದ್ದೇನೆ. ಕಲೆ ಬಿಡಿಸುತ್ತೇವೆ, ತುಕ್ಕು ಬಿಡಿಸುತ್ತೇವೆ, ಅಂಟಿದ್ದನ್ನು ಬುಡದಿಂದ ಕೀಳುವ ಭಾವ ಆ ಮಾತಿನಲ್ಲಿದೆ.

ಕೈಪಿಡಿಯ ಆ ಭಾಗ ಈಗ ಹೀಗಿದೆ, ಭಾಷೆ ತಿದ್ದಿ ಕೊಡಿ:

“ಮುಗ್ಗಲು ವಾಸನೆ ಬಿಡಿಸಲು ಮೊದಲು ಎಸಿಯ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಎಡಬದಿಯ ಸಾಮಾನು ಪೆಟ್ಟಿಗೆಯ ಹಿಂದೆ ಇರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಧೂಳಿನ ದಾರಿಯಾದರೆ ಇನ್ನೂ ಬೇಗ. ಎಸಿ ನಡೆಯುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ಗಮನಿಸಿ. ಮಳೆಗಾಲದಲ್ಲೂ ತೊಟ್ಟಿಕ್ಕದೆ ಒಳಗಿನ ಕಾಲುಹಾಸು ಒದ್ದೆಯಾಗಿದ್ದರೆ ನೀರಿನ ಕೊಳವೆ ಕಟ್ಟಿದೆ ಎಂದರ್ಥ. ಮುಂದಿನ ಗಾಜಿನ ಬುಡದಲ್ಲಿ ಸೇರಿದ ಎಲೆ, ಕಸ ತೆಗೆಯಿರಿ, ಹೊರಗಾಳಿ ಒಳಬರುವುದು ಅಲ್ಲಿಂದಲೇ. ತಂಪುಸುರುಳಿಗೆ ಶುಚಿಗೊಳಿಸುವ ನೊರೆ ಸಿಂಪಡಿಸಿ ತೊಳೆಸಿ, ಬಳಿಕ ಫ್ಯಾನ್ ಓಡಿಸಿ ಪೂರ್ತಿ ಒಣಗಿಸಿ. ಮತ್ತೆ ಮುಗ್ಗದಂತೆ, ಊರು ಮುಟ್ಟಲು ನಾಲ್ಕೈದು ನಿಮಿಷ ಇರುವಾಗಲೇ ಎಸಿ ಗುಂಡಿ ಆರಿಸಿ, ಹೊರಗಾಳಿ ತೆರೆದು, ಫ್ಯಾನ್ ಮಾತ್ರ ನಡೆಸಿ. ಸುಗಂಧವನ್ನು ಜಾಲಿಯೊಳಗೆ ಸಿಂಪಡಿಸಬೇಡಿ.”

ಇದರ ಕೆಳಗೆ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ: ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಆದ್ದರಿಂದ ನಿಂತ ಕಾರಿನಲ್ಲಿ ಗಾಜು ಏರಿಸಿ ಎಂಜಿನ್ ನಡೆಸುತ್ತ ಮಲಗಬಾರದು. ಅಡುಗೆ ಅನಿಲಕ್ಕಾದರೆ ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಬೆರೆಸಿ ವಾಸನೆ ಕೊಟ್ಟಿರುತ್ತಾರೆ, ಇದಕ್ಕೆ ಆ ಅನುಕೂಲವೂ ಇಲ್ಲ.

ಗಾಳಿ ಬರುವ ಕಿಂಡಿಗೆ ‘ಜಾಲಿ’ ಎಂದು ಇಲ್ಲಿನ ರೂಢಿಯಂತೆ ಬರೆದಿದ್ದೇನೆ. ದಕ್ಷಿಣದಲ್ಲಿ ಜಾಲಿ ಎಂದರೆ ಮುಳ್ಳಿನ ಮರವೇ ಮೊದಲು ನೆನಪಾಗುವುದಾದರೆ ‘ಗಾಳಿಕಿಂಡಿ’ ಎಂದು ಬದಲಿಸಲು ಸಿದ್ಧ. ಕರಾವಳಿಯವರಲ್ಲಿ ವಿಶೇಷವಾಗಿ ಕೇಳುತ್ತೇನೆ: ತಿಂಗಳುಗಟ್ಟಲೆ ಮಳೆ ಸುರಿಯುವ ನಿಮ್ಮಲ್ಲಿ ಬಟ್ಟೆಗೆ, ಪುಸ್ತಕಕ್ಕೆ, ಅಕ್ಕಿಗೆ ಹಿಡಿಯುವ ಈ ವಾಸನೆಗೆ ಒಂದಕ್ಕಿಂತ ಹೆಚ್ಚು ಹೆಸರು ಇರಲೇಬೇಕು. ಯಾವ ತಾಲ್ಲೂಕಿನ ಬಳಕೆ ಎಂಬುದನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.