‘ಚೂಶೋತೆಕಿ’ಗೆ ‘ನ’ ಯಾವಾಗ, ‘ನಿ’ ಯಾವಾಗ?

ಕೌಲ್‌ಬಜಾರ್ ಹುಡುಗ: ಬಳ್ಳಾರಿಯವನು ನಾನು. ಹಗಲು ಜೀನ್ಸ್ ಹೊಲಿಯೋ ಕಡೆ ಲೆಕ್ಕ ಬರೀತೀನಿ, ರಾತ್ರಿ ಜಪಾನಿ ಪಾಠ. ಅಮೂರ್ತ ಅನ್ನೋದಕ್ಕೆ ‘ಚೂಶೋತೆಕಿ’ ಅಂತ ಐತೆ. ಒಂದು ಕಡೆ ‘ಚೂಶೋತೆಕಿ ನ ಹನಾಶಿ’, ಇನ್ನೊಂದು ಕಡೆ ‘ಚೂಶೋತೆಕಿ ನಿ ಹನಾಸು’. ‘ತಕಾಯ್’ (ಎತ್ತರ) ಹೋಗಿ ‘ತಕಾಕುನಾಯ್’ (ಎತ್ತರ ಅಲ್ಲ) ಆದಂಗೆ ಇದೂ ‘ಕು’ ತಗೊಂತೈತೇನ್ರಿ?

ಸಿಂಧನೂರು ಭತ್ತ: ಇಲ್ರೀ. ಕೊನಿಗೆ ‘ಕಿ’ ಇದ್ರೂ ಇದು ‘ತಕಾಯ್’ ಗುಂಪಲ್ಲ, ‘ನ’ ಗುಂಪು. ‘ತೆಕಿ’ ಅನ್ನೋ ಪ್ರತ್ಯಯ ಹತ್ತಿದ ಪದಗಳೆಲ್ಲ ಹಿಂಗೇ ನಡೀತಾವು. ಕನ್ನಡದಾಗೇ ಇಟ್ಟು ನೋಡ್ರಿ: ಅಮೂರ್ತವಾದ ಮಾತು, ಅಮೂರ್ತವಾಗಿ ಮಾತಾಡು. ‘ವಾದ’ ಬರೋ ಜಾಗದಾಗ ನ, ‘ವಾಗಿ’ ಬರೋ ಜಾಗದಾಗ ನಿ. ವಾಕ್ಯದ ಕೊನಿಗೆ ‘ದೆಸು’, ಅಲ್ಲ ಅನ್ನಾಕ ‘ದೆ ವ ನಾಯ್’, ಹಿಂದಿನ ಮಾತಾದ್ರ ‘ದತ್ತ’. ಇಂಗ್ಲಿಷ್ ಮ್ಯಾಲೆ ಹಾದು ಕಲಿಯೋರು ಸುಮ್ನ ತಲಿ ಕೆಡಿಸ್ಕೊಂತಾರ, ನಮಗ ದಾರಿ ಸಲೀಸೈತಿ.

ಕುಷ್ಟಗಿ ಅಕ್ಕ: ತಮ್ಮಾ, ಇದರ ವಿರುದ್ಧ ಪದ ‘ಗುತಾಯ್‌ತೆಕಿ’ನೂ ಜೊತಿಗೇ ಕಲಿ. ‘ಗುತಾಯ್‌ತೆಕಿ ನಿ ಇತ್ತೆ ಕುದಸಾಯ್’ ಅಂದ್ರ ಸ್ವಲ್ಪ ಬಿಡಿಸಿ ಹೇಳ್ರಿ ಅಂತ. ಅಮೂರ್ತ ಚಿತ್ರಕ್ಕ ‘ಚೂಶೋಗಾ’ ಅಂತಾರ, ಅಲ್ಲಿ ‘ತೆಕಿ’ ಬರಂಗಿಲ್ಲ. ಬರೀ ‘ಚೂಶೋ’ ಕಿವಿಗೆ ಬಿದ್ರ ಹುಷಾರಪ್ಪ, ನಿಂದೆ ಅನ್ನೋ ಪದದ ಉಚ್ಚಾರನೂ ಅದೇ. ಬರಿಯೋ ಕಾಂಜಿ, ಅಂದ್ರ ಚೀನಿ ಮೂಲದ ಅಕ್ಷರ, ಬೇರೆ.

ಕೌಲ್‌ಬಜಾರ್ ಹುಡುಗ: ‘ಸೆತ್ಸುಮೇಯ್ ವ ಚೂಶೋತೆಕಿ ದತ್ತ’, ವಿವರಣೆ ಅಮೂರ್ತವಾಗಿತ್ತು. ನಡೀತೈತಾ?

ಸಿಂಧನೂರು ಭತ್ತ: ನಡೀತೈತಿ. ‘ಚೂ’, ‘ಶೋ’ ಎರಡೂ ದೀರ್ಘ, ಎಳದು ಹೇಳ್ರಿ.