ಸಾನಿಂಗ್‌ನಲ್ಲಿ ಮನೆ ನೋಡುವವರಿಗೆ: ಮೊದಲು ನದಿ ನೋಡಿ

ಇಂಗ್ಲೆಂಡಿನ ರೆಡಿಂಗ್ ಬಿಟ್ಟು ಪಕ್ಕದ ಹಳ್ಳಿ ಸಾನಿಂಗ್ ಕಡೆ ಹೋಗೋಣ ಅಂತಿದ್ದೇವೆ, ಮಕ್ಕಳಿಗೆ ಆ ಊರು ಹೇಗೆ ಎಂದು ಕೇಳಿದ್ದೀರಲ್ಲ. ಸ್ಕೂಲ್ ರಿಪೋರ್ಟ್ ಆಮೇಲೆ ಓದಿ. ಮೊದಲು ಥೇಮ್ಸ್‌ನ ಎರಡೂ ದಡದಲ್ಲಿ ನಡೆದು ನೋಡಿ.

ಹಳೇ ಊರು ಇರುವುದು ದಕ್ಷಿಣ ದಡದಲ್ಲಿ, ಬರ್ಕ್‌ಶೈರ್ ಜಿಲ್ಲೆಯ (ಕೌಂಟಿ) ಕಡೆ. ಚರ್ಚು, ಅದರ ಸುತ್ತಲಿನ ಹಳೇ ಬೀದಿ ಎಲ್ಲಾ ಸ್ವಲ್ಪ ಏರಿನ ಮೇಲಿವೆ. 18ನೇ ಶತಮಾನದ ಕೆಂಪು ಇಟ್ಟಿಗೆಯ ಸೇತುವೆ ದಾಟಿದರೆ ಸಾನಿಂಗ್ ಐ ಎಂಬ ಪುಟ್ಟ ಹಳ್ಳಿ. ಅದು ಆಕ್ಸ್‌ಫರ್ಡ್‌ಶೈರ್. ಅಲ್ಲಿ ನೆಲ ತಗ್ಗು, ನದಿ ಕವಲಾಗಿ ಹರಿಯುತ್ತದೆ, ಜಲ್ಲಿ ತೆಗೆದ ಗುಂಡಿಗಳು ಈಗ ಕೆರೆಗಳಾಗಿವೆ. 2014ರ ಚಳಿಗಾಲದಲ್ಲಿ ಥೇಮ್ಸ್ ಉಕ್ಕಿದಾಗ ಆ ಕಡೆಯ ರಸ್ತೆ ನೀರಲ್ಲಿತ್ತು. ಹಿಂದಿನವರು ಎಲ್ಲಿ ಮನೆ ಕಟ್ಟಿದರು, ಎಲ್ಲಿ ಕಟ್ಟಲಿಲ್ಲ ಎನ್ನುವುದನ್ನು ಮಕ್ಕಳಿಗೆ ಅಲ್ಲೇ ನಿಂತು ತೋರಿಸಬಹುದು, ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗುತ್ತದೆ ಹೇಳಿ!

ಇತಿಹಾಸವೂ ಜಾಸ್ತಿ ಇದೆ. ಸಾಲ್ಸ್‌ಬರಿ ಬಿಷಪ್‌ಗಳ ಅರಮನೆ ಇಲ್ಲಿತ್ತು. 1399ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್ ಪಟ್ಟ ಕಳೆದುಕೊಂಡ ಮೇಲೆ ಅವನ ಪುಟ್ಟ ರಾಣಿ ಇಸಬೆಲ್ಲಾಳನ್ನು ಈ ಅರಮನೆಯಲ್ಲೇ ಇಟ್ಟಿದ್ದರು. ಫ್ರಾನ್ಸ್‌ನ ಹುಡುಗಿ, ಹತ್ತು ವರ್ಷ ವಯಸ್ಸು. ಅಪ್ಪ ಅಮ್ಮ ಕಡಲಾಚೆ. 1401ರಲ್ಲಿ ವಾಪಸ್ ತೌರಿಗೆ ಹೋದಳು. ನಮ್ಮ ಮಕ್ಕಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು, ಅವರಿಗೆ ಈ ಕಥೆ ತಟ್ಟೇ ತಟ್ಟುತ್ತದೆ.

ಇನ್ನೊಂದು ಕಥೆ ಊರಿನ ದಕ್ಷಿಣಕ್ಕೆ, ಬ್ರೂನೆಲ್ ಎಂಬ ಎಂಜಿನಿಯರ್ ಗುಡ್ಡ ಕಡಿಸಿ ರೈಲು ದಾರಿ ಮಾಡಿಸಿದ ಜಾಗದ್ದು. 1841ರ ಡಿಸೆಂಬರ್ 24, ಮಳೆಗೆ ಮಣ್ಣು ಕುಸಿದು ಹಳಿ ಮೇಲೆ ಬಿದ್ದಿತ್ತು, ರೈಲು ಅದಕ್ಕೆ ನುಗ್ಗಿತು. ಮೂರನೇ ದರ್ಜೆಯವರು ತೆರೆದ ಗಾಡಿಯಲ್ಲಿ ಕೂತಿದ್ದರು. ಲಂಡನ್‌ನಲ್ಲಿ ಕೂಲಿ ಮಾಡಿ ಹಬ್ಬಕ್ಕೆ ಊರಿಗೆ ಹೊರಟಿದ್ದ ಕೆಲಸಗಾರರೇ ಸತ್ತವರಲ್ಲಿ ಹೆಚ್ಚು. ಬಡವರ ಗಾಡಿಗೂ ಮೇಲ್ಛಾವಣಿ ಇರಬೇಕು ಎಂದು 1844ರಲ್ಲಿ ಕಾನೂನು ಬಂದುದರ ಹಿಂದೆ ಈ ಸಾವುಗಳೂ ಇವೆ. ಹೊರಗಿಂದ ಬಂದು ದುಡಿಯುವ ನಾವು ಇದನ್ನು ಮಕ್ಕಳಿಗೆ ಹೇಳಲೇಬೇಕು ಅಲ್ವಾ?

ಇನ್ನು ವ್ಯವಹಾರದ ಮಾತು. ಸೇತುವೆ ಕಿರಿದು, ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಬಿಡುತ್ತಾರೆ, ಬೆಳಿಗ್ಗೆ ಸಾಲು ಉದ್ದ ಇರುತ್ತದೆ. ಯಾವ ದಡದಲ್ಲಿ ಮನೆ ಎನ್ನುವುದರ ಮೇಲೆ ಕೌನ್ಸಿಲ್ ಬದಲಾಗುತ್ತದೆ, ಶಾಲೆಗೆ ಅರ್ಜಿ ಹಾಕುವ ಜಾಗವೂ ಬೇರೆ. ಸರ್ಕಾರಿ ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿ ಪ್ರವಾಹದ ಅಪಾಯ ನೋಡಿ, ಆಫರ್ ಕೊಡುವ ಮುಂಚೆಯೇ ವಿಮೆಗೆ ಎಷ್ಟಾಗುತ್ತದೆ ಕೇಳಿ. ಮಕ್ಕಳನ್ನು ಕರೆದುಕೊಂಡು ರೆಡಿಂಗ್‌ನಿಂದ ನದಿ ಪಕ್ಕದ ಕಾಲುದಾರಿ ಥೇಮ್ಸ್ ಪಾತ್ ಹಿಡಿದು ನಡೆದೇ ಹೋಗಿ, ಐದು ಕಿಲೋಮೀಟರ್ ಆಸುಪಾಸು. ಜೂನ್‌ನಲ್ಲಿ ಬೇಡ, ಫೆಬ್ರುವರಿಯಲ್ಲಿ ನದಿ ತುಂಬಿರುವಾಗ ಹೋಗಿ.