ಅಮ್ಮನ ಕಾಲಿನ ಗಾಯಕ್ಕೆ ಯಾವ ಬ್ಯಾಂಡೇಜ್? ಕಟ್ಟಿ ಅಭ್ಯಾಸ ಇದ್ದವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:
ಅಮ್ಮನಿಗೆ 68 ವರ್ಷ, ಶುಗರ್ ಇದೆ. ಹೋದ ವಾರ ಕೊಟ್ಟಿಗೆ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಕೆಳಗೆ ಎರಡು ಇಂಚಿನಷ್ಟು ಚರ್ಮ ಕಿತ್ತುಬಂತು. ಡಾಕ್ಟರ್ ಟಿಟಿ ಇಂಜೆಕ್ಷನ್ ಕೊಟ್ಟು, ಹೊಲಿಗೆ ಬೇಡ, ಮನೆಯಲ್ಲೇ ಡ್ರೆಸಿಂಗ್ ಮಾಡಿ ಅಂದರು. ಮೆಡಿಕಲ್ ಶಾಪಿನವರು ಹತ್ತಿ, ಗಾಜ್ ಬಟ್ಟೆ, ಎಳೆದರೆ ಹಿಗ್ಗುವ ಕ್ರೇಪ್ ಬ್ಯಾಂಡೇಜ್, ಪೇಪರ್ ಟೇಪ್ ಎಲ್ಲ ಒಂದು ಚೀಲಕ್ಕೆ ತುಂಬಿ ಕೊಟ್ಟರು. ಗಾಜ್ ಬಿಚ್ಚುವಾಗ ಅಂಟಿಕೊಂಡು ಮತ್ತೆ ರಕ್ತ ಬರುತ್ತೆ. "ಇನ್ನು ನೀನು ಮುಟ್ಟಲೇಬೇಡ" ಅಂತಾರೆ ಅಮ್ಮ. ಏನು ಮಾಡಲಿ?

ಹಾಸನದಿಂದ:
ಅಪ್ಪನ ಕಾಲಿಗೆ ಮೂರು ತಿಂಗಳು ಡ್ರೆಸಿಂಗ್ ಮಾಡಿದವಳು ನಾನು. ಮೊದಲ ಹದಿನೈದು ದಿನ ನಿಮ್ಮ ಹಾಗೇ ದಿನಾ ಕಿತ್ತು ಕಿತ್ತು ಅವರನ್ನು ಗೋಳುಹೊಯ್ದುಕೊಂಡೆ. ಆಮೇಲೆ ಒಂದು ವಿಷಯ ಗೊತ್ತಾಯಿತು. ಗಾಯಕ್ಕೆ ತಾಗುವುದು ಒಂದು, ಅದನ್ನು ಹಿಡಿದಿಡುವುದು ಇನ್ನೊಂದು. ಒಣ ಗಾಜ್ ಗಾಯಕ್ಕೆ ತಾಗಲೇಬಾರದು. ಗಾಯದ ನೀರು ಅದರೊಳಗೆ ಇಳಿದು ಒಣಗುತ್ತೆ, ಎಳೆದರೆ ಹೊಸ ಚರ್ಮವೂ ಜೊತೆಗೇ ಬರುತ್ತೆ.

ಪ್ಯಾರಾಫಿನ್ ಗಾಜ್ ಅಂತ ಕೇಳಿ. ಜಿಡ್ಡು ಜಿಡ್ಡಾದ ಬಲೆಯಂಥ ಬಟ್ಟೆ, 10 ಸೆಂಟಿಮೀಟರ್ ಚೌಕದ ಪ್ಯಾಕೆಟ್ಟಿನಲ್ಲಿ ಸಿಗುತ್ತೆ. ಗಾಯದ ಅಳತೆಗೆ ಕತ್ತರಿಸಿ ಮೊದಲು ಅದನ್ನು ಇಡಿ. ಅದರ ಮೇಲೆ ಒಣ ಗಾಜ್ ನಾಲ್ಕು ಮಡಿಕೆ, ಮೇಲೆ ರೋಲರ್ ಬ್ಯಾಂಡೇಜ್, ಅಂದರೆ ಹಿಗ್ಗದ ಸಾದಾ ಬಟ್ಟೆ ಸುರುಳಿ. ಹತ್ತಿ ಗಾಯದ ಹತ್ತಿರವೂ ಬೇಡ, ಎಳೆ ಎಳೆಯಾಗಿ ಒಳಗೇ ಉಳಿದುಬಿಡುತ್ತೆ.

ಈಗ ಅಂಟಿರುವುದನ್ನು ಎಳೆಯಬೇಡಿ. ನಾರ್ಮಲ್ ಸಲೈನ್ (ಮೆಡಿಕಲ್ ಶಾಪಿನಲ್ಲಿ ಸಿಗುವ ಶುದ್ಧ ಉಪ್ಪುನೀರು) ಸುರಿದು ಹತ್ತು ನಿಮಿಷ ನೆನೆಯಲು ಬಿಡಿ. ತಾನಾಗೇ ಸಡಿಲ ಆಗುತ್ತೆ.

ಮತ್ತೆ ಟೇಪ್. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಥರ. ಅಪ್ಪನಿಗೆ ಟೇಪ್ ಕಿತ್ತ ಜಾಗದಲ್ಲೇ ಇನ್ನೊಂದು ಗಾಯ ಆಯಿತು! ರೋಲರ್ ಸುತ್ತಿ, ಟೇಪನ್ನು ಬಟ್ಟೆಯ ಮೇಲಷ್ಟೇ ಅಂಟಿಸಿ.

ಧಾರವಾಡದಿಂದ:
ಗಾಳಿಗೆ ಬಿಡ್ರಿ, ತಾನ ಒಣಗತೈತಿ. ನಮ್ಮ ಅಜ್ಜಿ ಅರಿಶಿನ ಹಚ್ಚಿ ಬಿಡ್ತಿದ್ರು.

ಮೈಸೂರಿನಿಂದ, ನರ್ಸ್:
ಅಜ್ಜಿ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಸರ್. ಜಾರ್ಜ್ ವಿಂಟರ್ ಅನ್ನುವ ಸಂಶೋಧಕರು 1962ರಲ್ಲೇ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದರು. ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಗಾಳಿಗೆ ಬಿಟ್ಟದ್ದಕ್ಕಿಂತ ಬೇಗ ಹೊಸ ಚರ್ಮ ಬಂತು. ತೇವ ಅಂದರೆ ರಾಡಿ ಅಲ್ಲ ಮತ್ತೆ. ಮಳೆಯಲ್ಲಿ ಡ್ರೆಸಿಂಗ್ ನೆನೆದರೆ ಆಗಲೇ ಬದಲಾಯಿಸಿ. ಶುಗರ್ ಇರುವವರಿಗೆ ಅರಿಶಿನ, ಕಾಫಿ ಪುಡಿ ಎಲ್ಲ ಬೇಡವೇ ಬೇಡ.

ಆ ಕ್ರೇಪ್ ಎತ್ತಿಡಿ. ಅದು ಉಳುಕಿಗೆ. ಶುಗರ್ ಇರುವ ಕಾಲಿನಲ್ಲಿ ರಕ್ತ ಓಡಾಟ ಮೊದಲೇ ಕಡಿಮೆ ಇರಬಹುದು. ಡಾಕ್ಟರ್ ಪರೀಕ್ಷೆ ಮಾಡದೆ ಬಿಗಿಯಾಗಿ ಯಾವುದನ್ನೂ ಕಟ್ಟಬಾರದು. ಕಟ್ಟಿದ ಮೇಲೆ ಕಾಲ್ಬೆರಳು ನೋಡಿ. ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಸುತ್ತ ಕೆಂಪು ಹರಡಿದರೆ, ಕೀವು, ವಾಸನೆ, ಜ್ವರ ಬಂದರೆ ಬ್ಯಾಂಡೇಜ್ ಬದಲಾಯಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೆಂಗಳೂರಿನಿಂದ:
ಹೈಡ್ರೋಕೊಲಾಯ್ಡ್ ಅಂತ ಮೆತ್ತನೆಯ ಅಂಟುಪಟ್ಟಿ ಬರುತ್ತಲ್ಲ, ಅದು ಹೇಗೆ? ನನ್ನ ಶೂ ಕಚ್ಚಿದ ಗಾಯಕ್ಕೆ ಸೂಪರ್ ಆಗಿತ್ತು.

ಮೈಸೂರಿನಿಂದ, ನರ್ಸ್:
ಶೂ ಕಚ್ಚಿದ್ದಕ್ಕೆ ಸರಿ. ಇಲ್ಲಿ ಬೇಡ. ಅದನ್ನು ದಿನಗಟ್ಟಲೆ ತೆಗೆಯುವುದಿಲ್ಲ, ಒಳಗೆ ಸೋಂಕಾದರೆ ಗೊತ್ತೇ ಆಗಲ್ಲ.

ತೀರ್ಥಹಳ್ಳಿಯಿಂದ, ನಾಲ್ಕು ದಿನದ ನಂತರ:
ಹಾಸನದ ಅಕ್ಕ, ನರ್ಸ್ ಮೇಡಂ, ಇಬ್ಬರಿಗೂ ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಪ್ಯಾರಾಫಿನ್ ಗಾಜ್ ಹಾಕಬಹುದು ಅಂದರು. ಇಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ತರಿಸಿದೆ. ಇವತ್ತು ಬಿಚ್ಚುವಾಗ ಅಮ್ಮ ಧಾರಾವಾಹಿ ನೋಡುತ್ತಾ ಕೂತಿದ್ದರು. "ಶುರು ಮಾಡು ಮಾರಾಯ, ಎಷ್ಟು ಹೊತ್ತು" ಅಂದರು. ಆಗಲೇ ಬಿಚ್ಚಿಯಾಗಿತ್ತು.